ದಾರಿಗಿಂತ ತಗ್ಗಾದ ಮನೆ

ನನ್ನನ್ನು ಆ ಊರಿಗೆ ಕೊಟ್ಟಾಗ ನಮ್ಮವ್ವ ಅತ್ತದ್ದು ಗಂಡನ ಮನೆಯವರು ಹೇಗೋ ಏನೋ ಎಂದಲ್ಲ, ಮಗಳು ನೀರಿಗೆ ಎಷ್ಟು ದೂರ ನಡೆಯಬೇಕೋ ಎಂದು. ನನ್ನ ತವರು ತಿಕೋಂಡಿ. ಅಲ್ಲೂ ಹೊಳೆಯೇನೂ ಹರಿಯುತ್ತಿರಲಿಲ್ಲ. ಆದರೆ ನಮ್ಮ ಓಣಿಯ ಬಾವಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಗಂಡನ ಊರು ಅಲ್ಲಿಂದ ಜತ್ತದ ಕಡೆಗೆ. ಆ ಊರಲ್ಲಿ ಸಿಹಿನೀರು ಸಿಗುತ್ತಿದ್ದದ್ದು ಊರಾಚೆಯ ಮೆಟ್ಟಿಲಬಾವಿಯೊಂದರಲ್ಲೇ. ಮಿಕ್ಕ ಬಾವಿಗಳದ್ದೆಲ್ಲ ಸವಳು ನೀರು. ಅದರಲ್ಲಿ ಬೇಳೆ ಹಾಕಿದರೆ ಉರುವಲು ಮುಗಿಯುತ್ತಿತ್ತೇ ಹೊರತು ಬೇಳೆ ಬೇಯುತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷಗಳಲ್ಲಿ ನಾನು ಕಲಿತದ್ದೆಂದರೆ ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಇಟ್ಟುಕೊಂಡು ತುಳುಕದ ಹಾಗೆ ನಡೆಯುವುದು. ಮುಖ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಎಮ್ಮೆಗೆ. ಅಂಥ ಮನೆಯೊಳಗಿಂದ ನೀರು ಹೊತ್ತು ಹೊರಗೆ ಚೆಲ್ಲುವ ಕೆಲಸವೂ ನನ್ನ ಪಾಲಿಗೆ ಬಂದೀತು ಎಂದು ಯಾರಾದರೂ ಹೇಳಿದ್ದರೆ ನಮ್ಮವ್ವ ಅಳುವುದನ್ನು ಬಿಟ್ಟು ನಗುತ್ತಿದ್ದಳು.

ನಮ್ಮ ಮನೆ ಇಳಿಜಾರಿನಲ್ಲಿತ್ತು. ಬೆನ್ನಿಗೆ ದಿನ್ನೆ, ಎದುರಿಗೆ ಬಂಡಿದಾರಿ, ದಾರಿಯ ಆಚೆ ಬಯಲು, ಬಯಲ ಕೊನೆಗೆ ಹಳ್ಳ. ಯಾವಾಗಲೋ ಒಮ್ಮೆ ಮಳೆ ಜೋರಾದರೆ ದಿನ್ನೆಯ ನೀರು ನಮ್ಮ ಮನೆಯ ಎರಡೂ ಮಗ್ಗುಲಿಂದ ಇಳಿದು, ಬಂಡಿದಾರಿಯನ್ನು ಅಡ್ಡ ದಾಟಿ ಹಳ್ಳ ಸೇರುತ್ತಿತ್ತು. ಅದಕ್ಕೆ ಯಾರೂ ಕಾಲುವೆ ತೋಡಿರಲಿಲ್ಲ, ಯಾರೂ ಅಡ್ಡ ನಿಂತಿರಲೂ ಇಲ್ಲ. ನಮ್ಮ ಸಾಲಿನಲ್ಲಿ ಇದ್ದದ್ದು ಎರಡೇ ಮನೆ. ನಮ್ಮದು ಒಂದು, ಪಕ್ಕದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರದು ಇನ್ನೊಂದು. ಆ ಮನೆಯ ಹೆಂಗಸನ್ನು ನಾನು ಚಾಚಿ ಎನ್ನುತ್ತಿದ್ದೆ. ನನಗಿಂತ ಬಹಳ ದೊಡ್ಡವಳು. ಗಂಡನ ಜೊತೆ ದಖ್ಖನಿ ಉರ್ದುವಿನಲ್ಲಿ ಜಗಳವಾಡಿ, ಅದೇ ಉಸಿರಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ನಗುತ್ತಿದ್ದಳು.

ನನ್ನ ಮಾವನವರಿಗೆ ಊರಲ್ಲಿ ಸಾವಕಾರ್ರು ಎಂದು ಹೆಸರು. ದೊಡ್ಡ ಸಾವಕಾರಿಕೆಯೇನೂ ಅಲ್ಲ. ಬೀದಿಗೆ ಬಾಗಿಲು ತೆರೆದ ಒಂದು ಕೋಣೆಯಲ್ಲಿ ಕಿರಾಣಿ ಅಂಗಡಿ, ಊರ ಹೊರಗೆ ಒಂದಿಷ್ಟು ಹೊಲ. ಆದರೆ ಹೆಸರು ಬಂದ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕಲ್ಲ. ಹಣೆಗೆ ವಿಭೂತಿ, ತಲೆಗೆ ಇಸ್ತ್ರಿ ಮಾಡಿದ ರುಮಾಲು, ಕೈಯಲ್ಲಿ ಬಿಸಿಲಿಗೂ ಮಳೆಗೂ ಒಂದೇ ಛತ್ರಿ. ಅವರು ಒಮ್ಮೆ ಆಡಿದ ಮಾತು ಕಲ್ಲಿನಲ್ಲಿ ಕೆತ್ತಿದ ಹಾಗೆ. ತಪ್ಪಿದ್ದರೂ ಕಲ್ಲೇ. ನನ್ನ ಯಜಮಾನರು ಅವರಿಗೆ ಒಬ್ಬನೇ ಮಗ. ಅಂಗಡಿಯ ಸಾಮಾನು ತರಲು ಜತ್ತಕ್ಕೆ ಹೋಗಿಬರುವುದು ಅವರ ಕೆಲಸ. ಮನೆಯಲ್ಲಿ ಏನು ಕೇಳಿದರೂ "ಅಪ್ಪಾರಿಗೆ ಗೊತ್ತೈತಿ" ಎನ್ನುವುದು ಅವರ ಉತ್ತರ.

ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಕೆಲವು ವರ್ಷಕ್ಕೆ ನಮ್ಮ ಕಡೆಗೂ ಮೋಟಾರು ರಸ್ತೆ ಆಗುತ್ತದೆ ಎಂಬ ಸುದ್ದಿ ಬಂತು. ಮೊದಲು ಗುರುತು ಹಾಕಿದ್ದ ದಾರಿ ಹಳ್ಳದ ಆಚೆಯಿಂದಲೇ ಹಾದುಹೋಗುತ್ತಿತ್ತಂತೆ. ಅದು ಹಾಗೆಯೇ ಹೋಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಮಾವನವರು ಊರಿನ ಹಿರಿಯರನ್ನು ಬಂಡಿಯಲ್ಲಿ ಕೂರಿಸಿಕೊಂಡು ಜತ್ತಕ್ಕೆ ಹೋದರು, ಮತ್ತೆ ಹೋದರು, ಮತ್ತೆ ಮತ್ತೆ ಹೋದರು. ಮೋಟಾರು ಊರು ಮುಟ್ಟದೆ ಹೋದರೆ ಊರಿಗೇ ಅವಮಾನ ಎಂದು ವಾದಿಸಿದರು. ಕಡೆಗೆ ದಾರಿ ಹಳ್ಳದ ಈಚೆಗೆ ಬಂತು. ಊರಿಗೆ ಬಂತು ಎಂದರೆ ನಮ್ಮ ಅಂಗಡಿಯ ಮುಂದೆಯೇ ಬಂತು.

ಕೆಲಸ ಶುರುವಾದಾಗ ಮಾವನವರು ದಿನವಿಡೀ ಬಾಗಿಲಲ್ಲಿ ನಿಂತಿರುತ್ತಿದ್ದರು. ಬಂಡಿಗಟ್ಟಲೆ ಕಲ್ಲು ಬಂತು, ಕಲ್ಲಿನ ಮೇಲೆ ಮುರುಮು ಎಂಬ ಕೆಂಪು ಗರಸು ಬಂತು, ಮುರುಮಿನ ಮೇಲೆ ಮತ್ತೆ ಮುರುಮು. ದಾರಿ ನಮ್ಮ ಮೊಣಕಾಲಿನಷ್ಟಾಯಿತು, ಸೊಂಟದ ಕಡೆಗೆ ಹೊರಟಿತು. ನಮ್ಮ ಅತ್ತೆ ಮಾವನವರಿಗೆ ಏನನ್ನೂ ನೇರವಾಗಿ ಹೇಳುತ್ತಿರಲಿಲ್ಲ. ಪಡಸಾಲೆಯ ಕಂಬದ ಕಡೆ ಮುಖ ಮಾಡಿ ಹೇಳುತ್ತಿದ್ದರು. ಕೇಳಬೇಕಾದವರು ಕೇಳಿಸಿಕೊಳ್ಳಬೇಕು. ಅವತ್ತು ಅವರು ಕಂಬಕ್ಕೆ ಕೇಳಿದರು:

"ದಿನ್ನಿ ಮ್ಯಾಲಿನ ನೀರು ಇನ್ಮ್ಯಾಲ ಎಲ್ಲಿ ಹಾದು ಹೋಗಬೇಕಂತ?"

ಮಾವನವರು ಬಾಗಿಲಿಂದಲೇ ಅಂದರು: "ನೀರು? ಈ ಊರಾಗ ನೀರ ಎಲ್ಲೈತಿ ತೋರಿಸು. ನಾನಽ ಕೊಡ ತಗೊಂಡು ಹೋಗ್ತೀನಿ."

ಕೆಲಸದ ಆಳುಗಳೆಲ್ಲ ನಕ್ಕರು. ನನಗೂ ನಗು ಬಂದಿತ್ತು, ಸೆರಗು ಅಡ್ಡ ಹಿಡಿದುಕೊಂಡೆ. ಮುಂದಾಗುವುದು ಆಗ ಗೊತ್ತಿರಲಿಲ್ಲ.

ಮೊದಲ ಮೋಟಾರು ಬಂದ ದಿನ ಅದಕ್ಕೆ ಹೂವಿನ ಹಾರ ಹಾಕಿ ಕಾಯಿ ಒಡೆದರು. ಮಾವನವರು ಡ್ರೈವರನಿಗೆ ಮಂಡಕ್ಕಿ ಚೂಡಾ ಕೊಟ್ಟರು, ಚಹಾ ಕೊಟ್ಟರು, ಅಂಗಡಿಯ ಮುಂದೆ ಜನ ಕೂರಲು ಹೊಸ ಬಾಕು ಮಾಡಿಸಿ ಹಾಕಿದರು. ಅಂಗಡಿಗೆ ಗಿರಾಕಿ ಹೆಚ್ಚಾದದ್ದು ನಿಜ. ಧೂಳು ಹೆಚ್ಚಾದದ್ದೂ ನಿಜ. ಬೆಲ್ಲದ ಮೇಲೆ, ಕಡಲೆಯ ಮೇಲೆ, ನನ್ನ ರೊಟ್ಟಿಯ ಮೇಲೆ ಕೆಂಪು ಧೂಳು. ಅದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಮುರುಮು ಸರಿಯಾಗಿ ಕೂತು ದಾರಿ ಗಟ್ಟಿಯಾದ ಮೇಲೆ ನೋಡಿದರೆ ನಮ್ಮ ಹೊಸ್ತಿಲು ದಾರಿಗಿಂತ ಒಂದು ಮೊಳಕ್ಕೂ ಹೆಚ್ಚು ಕೆಳಗೆ ಉಳಿದಿತ್ತು. ಅಲ್ಲಿಯವರೆಗೆ ನಮ್ಮ ಮನೆಗೆ ಬರುವವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಆಮೇಲೆ ಇಳಿದು ಬರತೊಡಗಿದರು. ಬಂದ ಬೀಗರೊಬ್ಬರು "ಸಾವಕಾರ್ರು ಹಗೇವಿನಾಗ ಮನಿ ಮಾಡ್ಯಾರ" ಎಂದು ಚೇಷ್ಟೆ ಮಾಡಿದರು. ಜೋಳ ತುಂಬಿಡುವ ನೆಲದ ಕಣಜಕ್ಕೆ ನಮ್ಮಲ್ಲಿ ಹಗೇವು ಎನ್ನುತ್ತಾರೆ. ಮಾವನವರಿಗೆ ಆ ಚೇಷ್ಟೆ ಹಿಡಿಸಲಿಲ್ಲ.

ಆ ವರ್ಷ ಮುಂಗಾರು ಎಂದಿನಂತೆ ಕೈಕೊಟ್ಟಿತು. ಉತ್ತರಿ ಮಳೆ ಮಾತ್ರ ಬಂತು. ನಡುಹಗಲು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಮಾಳಿಗೆಯ ಮೇಲೆ ಹನಿ ಬಿದ್ದ ಸದ್ದಿಗೆ ಎಲ್ಲರಿಗೂ ಸಂತೋಷ. ಅತ್ತೆ ಮನೆಯಲ್ಲಿದ್ದ ತಪ್ಪಲೆ, ಬೋಗುಣಿಗಳನ್ನೆಲ್ಲ ಸೋರುವ ಮಾಳಿಗೆಯ ಕೆಳಗೂ, ನೀರು ಇಳಿಯುವ ಹರನಾಳಿಗೆಯ ಕೆಳಗೂ ಇಡಿಸಿದರು. ಮಳೆನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದಲ್ಲ. ಹೀಗೆ ನಾವು ಹನಿಹನಿ ಹಿಡಿಯುತ್ತಿದ್ದಾಗ ಮುಂಬಾಗಿಲ ಕೆಳಗಿಂದ ನೀರು ಒಳಗೆ ಬಂತು. ಸದ್ದಿಲ್ಲದೆ ಬಂತು. ಅದರ ಮೇಲೆ ಜೋಳದ ಹೊಟ್ಟು, ಆಡಿನ ಹಿಕ್ಕೆ, ಮೋಟಾರಿನವರು ಎಸೆದ ಬೀಡಿಯ ತುಂಡು ತೇಲುತ್ತಿದ್ದವು.

ನಮ್ಮ ಕಡೆಯ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ನೀರು ಮೊದಲು ದನಗಳ ಕಾಲಿಗೆ ಬಂತು. ಎಮ್ಮೆ ಸುಖವಾಗಿ ನಿಂತುಕೊಂಡಿತು, ಎತ್ತುಗಳು ಹಗ್ಗ ಜಗ್ಗತೊಡಗಿದವು. ಸಗಣಿಯೂ ಗಂಜಲವೂ ಸೇರಿ ಆ ನೀರು ಪಡಸಾಲೆಗೆ ಹತ್ತಿತು, ಅಲ್ಲಿಂದ ಅಡುಗೆಮನೆಗೆ. ಒಲೆ ಚುಂಯ್ ಎಂದು ಆರಿತು. ಹಂಚಿನ ಮೇಲಿದ್ದ ರೊಟ್ಟಿ ಅರೆಬೆಂದು ಉಳಿಯಿತು. ಅಂಗಡಿಗೆ ಓಡಿಹೋಗಿ ನೋಡಿದರೆ ಉಪ್ಪಿನ ಚೀಲ ನಿಂತಲ್ಲೇ ಕುಗ್ಗುತ್ತಿತ್ತು. ಬೆಲ್ಲದ ಪೆಂಟೆಗಳ ಬುಡ ಕರಗಿ ಪಾಕವಾಗಿತ್ತು. ಮಾವನವರು ಎಲ್ಲಿ ಎಂದು ನೋಡಿದೆ. ಅವರು ಹೊರಗೆ ಛತ್ರಿ ಹಿಡಿದುಕೊಂಡು ಹೊಸ ಬಾಕನ್ನು ದಾರಿಯ ಮೇಲಕ್ಕೆ ಎಳೆಯುತ್ತಿದ್ದರು.

ಬುಟ್ಟಿ, ತಂಬಿಗೆ, ತಾಟು, ಸಿಕ್ಕಿದ್ದರಲ್ಲಿ ನೀರು ಗೋರಿದೆವು. ಗೋರಿ ಬಾಗಿಲಾಚೆ ಚೆಲ್ಲಿದರೆ ಅದೇ ನೀರು ಮತ್ತೆ ಒಳಗೆ. ಮುಂದೆ ಒಡ್ಡಿನ ಹಾಗೆ ದಾರಿ ನಿಂತಿರುವಾಗ ಅದಾದರೂ ಎಲ್ಲಿಗೆ ಹೋಗಬೇಕು? ಕಡೆಗೆ ಬಾವಿಯಿಂದ ನೀರು ತರುವ ಅದೇ ಕೊಡಗಳನ್ನು ತುಂಬಿ, ತಲೆಯ ಮೇಲೆ ಹೊತ್ತು, ದಾರಿಯ ಮೇಲೆ ಹತ್ತಿ ಆಚೆಯ ಬಯಲಿಗೆ ಸುರಿದೆ. ಪಕ್ಕದ ಮನೆಯಿಂದ ಚಾಚಿಯೂ ಹಾಗೆಯೇ ಕೊಡ ಹೊತ್ತು ಬಂದಳು. ಇಬ್ಬರೂ ದಾರಿಯ ನಡುವೆ ಎದುರುಬದುರಾದೆವು. ಅವಳು ನನ್ನ ಕೊಡ ನೋಡಿದಳು, ನಾನು ಅವಳ ಕೊಡ ನೋಡಿದೆ. ಮರುದಿನ ಬೆಳಿಗ್ಗೆ ಕುಡಿಯಲು ನೀರಿರಲಿಲ್ಲ. ಮಳೆನೀರು ಹಿಡಿದ ಪಾತ್ರೆಗಳಿಗೆಲ್ಲ ಗಂಜಲದ ನೀರು ಸೇರಿತ್ತು. ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಅದೇ ಮೆಟ್ಟಿಲಬಾವಿಗೆ ನೀರಿಗೆ ಹೋದೆ. ಮೈಕೈ ನೋವಿಗಿಂತ ಅದು ನನಗೆ ಹೆಚ್ಚು ಸಿಟ್ಟು ತರಿಸಿತು.

ನೀರು ಬಂದು ಹೋಗುವುದು ಒಂದು ಹೊತ್ತಿನ ಕೆಲಸ. ಬಿಟ್ಟುಹೋದದ್ದನ್ನು ಅನುಭವಿಸುವುದು ವರ್ಷದ ಕೆಲಸ. ಮಣ್ಣಿನ ಗೋಡೆಗಳು ಸೊಂಟದವರೆಗೆ ನೀರು ಕುಡಿದು ಕಪ್ಪಾದವು. ಬಳಿದ ಸುಣ್ಣ ಹಪ್ಪಳದಂತೆ ಎದ್ದು ಬಿತ್ತು. ಬಿರುಕುಗಳಿಂದ ಚೇಳುಗಳು ಹೊರಬಂದು, ನಮಗಿಂತ ಮೊದಲೇ ಒಣಗಿದ ಜಾಗ ಹುಡುಕಿಕೊಂಡು ಹಾಸಿಗೆಯ ಮಡಿಕೆಗಳಲ್ಲಿ ಕೂತವು. ನೆಲ ಸಾರಿಸಿದರೆ ಸಗಣಿ ಹಿಡಿಯುತ್ತಿರಲಿಲ್ಲ, ಕಾಲಿಟ್ಟಲ್ಲಿ ಕಿತ್ತು ಬರುತ್ತಿತ್ತು. ಮನೆಯ ತುಂಬ ಒಂದು ವಾಸನೆ. ಹಳೆಯ ಗೋಣಿಚೀಲ, ಹುಳಿ ಹಿಟ್ಟು, ಕೊಟ್ಟಿಗೆ ಮೂರೂ ಸೇರಿದಂಥದ್ದು. ಸೀರೆ ಒಗೆದು ಹಾಕಿದರೂ ಅದೇ ವಾಸನೆ. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನಿಂದ ಒಂದು ಮಾರು ಸರಿದು ನಿಲ್ಲುತ್ತಿದ್ದರು.

ಮಾವನವರು ಇದು ಅಪರೂಪದ ಮಳೆ, ಇನ್ನು ಬರುವುದಿಲ್ಲ ಎಂದರು. ಆಮೇಲೆ ಹಸ್ತ ನಕ್ಷತ್ರದಲ್ಲಿ ಅದೇ ಅಪರೂಪದ ಮಳೆ ಇನ್ನೊಮ್ಮೆ ಬಂತು. ಆಗ ಅವರಿಗೊಂದು ಉಪಾಯ ಹೊಳೆಯಿತು. ಹೊಸ್ತಿಲ ಮೇಲೆ ಕಲ್ಲು ಮಣ್ಣಿನ ಒಡ್ಡು ಕಟ್ಟಿಸಿದರು. ಎತ್ತುಗಳು ಅದನ್ನು ದಾಟಲು ಒಪ್ಪಲಿಲ್ಲ. ಎಮ್ಮೆ ದಾಟುವಾಗ ಅರ್ಧ ಒಡ್ಡು ಕೆಡವಿತು. ನಾವೆಲ್ಲ ಸೀರೆ ಮೊಣಕಾಲಿಗೆ ಎತ್ತಿಕೊಂಡು ಹಾರಬೇಕಾಯಿತು. ಅತ್ತೆ ಒಮ್ಮೆ ಎಡವಿ ಬಿದ್ದು ಮುಂಗೈ ಉಳುಕಿಸಿಕೊಂಡರು. ಮುಂದಿನ ಮಳೆಗೆ ನೀರು ಮುಂಬಾಗಿಲಲ್ಲಿ ಬರಲಿಲ್ಲ, ನಿಜ. ಹಿತ್ತಲ ಬಚ್ಚಲ ತೂಬಿನಿಂದ ಬಂತು. ಒಳಗೆ ಬಂದದ್ದು ಹೊರಗೆ ಹೋಗದ ಹಾಗೆ ನಮ್ಮ ಒಡ್ಡೇ ತಡೆದು ನಿಲ್ಲಿಸಿತು. ಮಾವನವರು ಮಂಚದ ಮೇಲೆ ಕಾಲು ಮಡಚಿ ಕೂತು ಒಡ್ಡು ಒಡೆಯಲು ಹೇಳಿದರು. ಒಡೆದವಳು ನಾನು.

ರಸ್ತೆಯ ಕೆಲಸ ಮಾಡಿಸಿದ ಮುಕಾದಮರನ್ನು ಕರೆಸಿ ತೋರಿಸೋಣ ಎಂದು ನಾನು ಯಜಮಾನರ ಬೆನ್ನು ಹತ್ತಿದೆ. ಅವರು ಅಪ್ಪನಿಗೆ ಗೊತ್ತು ಎಂದು ಎಷ್ಟೋ ಸಲ ಹೇಳಿ, ಕಡೆಗೆ ನನ್ನ ಕಾಟ ತಡೆಯದೆ ಜತ್ತದಲ್ಲಿ ಯಾರ ಮೂಲಕವೋ ಹೇಳಿಕಳಿಸಿದರು. ಮುಕಾದಮರು ಬಂದರು. ನಮ್ಮಲ್ಲೇ ಊಟಕ್ಕೆ ಕೂತರು. ಹೋಳಿಗೆ ಬಡಿಸಿದೆ, ತುಪ್ಪ ಬಡಿಸಿದೆ. ಊಟವಾದ ಮೇಲೆ ಬಾಗಿಲಲ್ಲಿ ನಿಂತು ಒಮ್ಮೆ ದಾರಿ ನೋಡಿದರು, ಒಮ್ಮೆ ಮನೆ ನೋಡಿದರು. ಎಲೆ ಅಡಿಕೆ ಜಗಿಯುತ್ತ ಮರಾಠಿಯಲ್ಲಿ, ದಾರಿ ಸರಿಯಾಗಿಯೇ ಇದೆ, ನಿಮ್ಮ ಮನೆಯೇ ತಗ್ಗಿನಲ್ಲಿದೆ ಎಂದರು. ಇದಕ್ಕೆ ನಮ್ಮ ಮಾವನವರು ಏನಾದರೂ ಅಂದಾರು ಎಂದು ನಾನು ಬಾಗಿಲ ಸಂದಿಯಲ್ಲಿ ಕಾದು ನಿಂತೆ. ಅವರು ತಲೆಯಾಡಿಸಿ ಹೌದು ಎಂದರು. ಅವರ ಅಜ್ಜ ಕಟ್ಟಿಸಿದ ಮನೆ ಅದು. ದಾರಿ ತಾವು ತಂದದ್ದು ಎಂಬ ಒಂದೇ ಕಾರಣಕ್ಕೆ ಅಜ್ಜನನ್ನೇ ತಪ್ಪಿತಸ್ಥನನ್ನಾಗಿ ಮಾಡಿದರು. ಆ ಹೋಳಿಗೆಯ ಹೂರಣ ಅರೆದ ನನ್ನ ರಟ್ಟೆ ಇನ್ನೂ ನೋಯುತ್ತಿತ್ತು.

ಚಳಿ ಇಳಿಯುವ ಹೊತ್ತಿಗೆ ಮನೆಯ ಜೋಳ ತೀರಿತು. ಅಂಗಳದ ಮೂಲೆಯಲ್ಲಿದ್ದ ಹಗೇವು ತೆಗೆಯಬೇಕಾಯಿತು. ಬಾಯಿಗೆ ಮುಚ್ಚಿದ ಕಲ್ಲು ಸರಿಸಿದ್ದೇ ತಡ, ಒಳಗಿಂದ ಎದ್ದ ಹೊಲಸು ಗಾಳಿಗೆ ಕಲ್ಲು ಸರಿಸಿದ ಆಳು ಮೂಗು ಮುಚ್ಚಿಕೊಂಡು ದಾರಿಯ ಮೇಲಕ್ಕೆ ಓಡಿದ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾದು, ಇಳಿದು ನೋಡಿದರೆ ತಳದ ಜೋಳವೆಲ್ಲ ಕಪ್ಪಗೆ ಮುದ್ದೆಯಾಗಿತ್ತು. ನಡುವಿನದು ಮೊಳಕೆಯೊಡೆದು, ಬೆಳಕಿಲ್ಲದೆ ಸತ್ತು ಗಂಟುಗಂಟಾಗಿತ್ತು. ಮೇಲಿನ ಸ್ವಲ್ಪವಷ್ಟೇ ಕಾಳಿನ ರೂಪದಲ್ಲಿ ಉಳಿದಿತ್ತು. ಅತ್ತೆ ಅಲ್ಲೇ ಕೂತು ಒಂದು ಹಿಡಿ ತೆಗೆದುಕೊಂಡು ಮೂಸಿ ನೋಡಿ ಮೆಲ್ಲಗೆ ಕೆಳಗೆ ಬಿಟ್ಟರು. ಅವತ್ತು ಅವರು ಕಂಬಕ್ಕೂ ಏನೂ ಹೇಳಲಿಲ್ಲ.

ಮಾವನವರು ಮಾತ್ರ ಒಣಗಿಸಿದರೆ ಸರಿಹೋಗುತ್ತದೆ ಎಂದರು. ಒಣಗಿಸಿದೆವು. ಎಲ್ಲಿ? ಅವರದೇ ದಾರಿಯ ಮೇಲೆ, ಅಷ್ಟು ಗಟ್ಟಿಯಾದ ಸಮನಾದ ಜಾಗ ಬೇರೆ ಇರಲಿಲ್ಲ. ಮೋಟಾರು ಬಂದಾಗ ಗುಡಿಸಿ ಬದಿಗೆ ತರುವುದು, ಹೋದ ಮೇಲೆ ಮತ್ತೆ ಹರಡುವುದು. ಮೋಟಾರಿನೊಳಗಿನ ಜನ ಮೂಗಿಗೆ ಧೋತರದ ಚುಂಗು ಹಿಡಿದುಕೊಂಡು ನಮ್ಮನ್ನು ನೋಡುತ್ತಿದ್ದರು. ಒಣಗಿದ ಮೇಲೆ ಬೀಸಿ ರೊಟ್ಟಿ ಮಾಡಿದೆ. ಹಿಟ್ಟಿಗೆ ಜಿಗಿಯಿಲ್ಲ, ತಟ್ಟಿದರೆ ಒಡೆಯುತ್ತಿತ್ತು, ಬಾಯಿಗಿಟ್ಟರೆ ಕಹಿ. ಮಾವನವರು ಒಂದು ರೊಟ್ಟಿಯನ್ನು ಪೂರ್ತಿ ತಿಂದು, ಏನಾಗಿದೆ ಇದಕ್ಕೆ, ಚಲೋ ಇದೆಯಲ್ಲ ಎಂದರು. ಅವರ ಹಟ ನೋಡಿ ನನಗೆ ಒಂದು ಕ್ಷಣ ಗೌರವವೇ ಬಂತು. ಇನ್ನೊಂದು ಬಡಿಸಲು ಹೋದೆ. ಹೊಟ್ಟೆ ತುಂಬಿದೆ ಎಂದರು. ಉಳಿದ ಹಿಟ್ಟನ್ನು ಎಮ್ಮೆಯ ಮುಂದಿಟ್ಟೆ. ಎಮ್ಮೆಗೆ ಯಾರ ಮರ್ಯಾದೆ ಕಾಯಬೇಕಾಗಿತ್ತು? ಮೂತಿ ತಿರುಗಿಸಿಕೊಂಡಿತು.

ಮರುವರ್ಷ ನಮ್ಮ ಚಾಚಿಯ ಮಗಳು ಹೆರಿಗೆಗೆ ಬಂದಳು. ಹೆಣ್ಣು ಮಗು. ಬಾಣಂತಿ ಏಳುವ ಮೊದಲೇ ಉತ್ತರಿ ಮಳೆ ಹಿಡಿಯಿತು. ಬೆಳಗಿನಿಂದಲೇ ಮೋಡ ಕವಿದಿತ್ತು. ನಾವು ಉಪ್ಪು ಬೆಲ್ಲಗಳನ್ನು ಮೊದಲೇ ಅಟ್ಟಕ್ಕೆ ಏರಿಸಿದ್ದೆವು, ದನಗಳನ್ನು ದಿನ್ನೆಯ ಮೇಲೆ ಕಟ್ಟಿದ್ದೆವು. ಅಷ್ಟು ಬುದ್ಧಿ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ದಾರಿಗೂ ಮನೆಗೂ ನಡುವೆ ಕೆರೆ ನಿಂತಿತು, ಕೆರೆ ಒಳಗೆ ಬಂತು. ಪಿಂಜಾರರ ಮನೆ ನಮಗಿಂತಲೂ ಒಂದು ಗೇಣು ತಗ್ಗು. ಚಾಚಿ ಹಿತ್ತಲ ಗೋಡೆಯ ಮೇಲಿಂದ ನನ್ನನ್ನು ಕೂಗಿದಳು. ಹೋಗಿ ನೋಡಿದರೆ ಬಾಣಂತಿ ಮಲಗಿದ್ದ ಹೊರಸಿನ ಕೆಳಗೆ ನೀರು ಆಡುತ್ತಿತ್ತು. ಕೆಂಡದ ಬುಟ್ಟಿ ಆರಿ ತೇಲುತ್ತಿತ್ತು. ಹಿಂಜಿಟ್ಟ ಹತ್ತಿಯೆಲ್ಲ ನೆನೆದು, ಸತ್ತ ಕುರಿಗಳು ಬಿದ್ದ ಹಾಗೆ ಬಿದ್ದಿತ್ತು. ಹಿಂಬದಿಯ ಗೋಡೆ ಉಬ್ಬಿಕೊಂಡಿತ್ತು.

ಚಾಚಿ ಅಳಲಿಲ್ಲ. "ಬೇಟಿ, ಈ ಗ್ವಾಡಿ ಬಿದ್ರ ಕೂಸಿನ ಮ್ಯಾಲ ಬೀಳತೈತಿ," ಎಂದಳು. ಅಷ್ಟೇ.

ಅವಳ ಗಂಡ ಬಾಣಂತಿಯನ್ನು ಎತ್ತಿಕೊಂಡ, ನಾನು ಕೂಸನ್ನು ಸೆರಗಿನೊಳಗೆ ಸುತ್ತಿಕೊಂಡೆ. ಇಬ್ಬರನ್ನೂ ತಂದು ನಮ್ಮ ಅಟ್ಟದ ಮೇಲೆ ಉಪ್ಪಿನ ಚೀಲಗಳ ಪಕ್ಕ ಮಲಗಿಸಿದೆವು. ಅತ್ತೆ ತಮ್ಮ ಕೌದಿ ಹೊದಿಸಿದರು. ಆಮೇಲೆ ನಾನು ಮಾವನವರ ಮಂಚದ ಮುಂದೆ ಹೋಗಿ ನಿಂತೆ. ನನ್ನ ಮೊಣಕಾಲಿನವರೆಗೆ ನೀರಿತ್ತು. ಅವರು ಮಂಚದ ಮೇಲೆ ಪದ್ಮಾಸನ ಹಾಕಿ ಕೂತಿದ್ದರು, ರುಮಾಲು ಕೂಡ ತೆಗೆದಿರಲಿಲ್ಲ. ಅವರೊಡನೆ ಅಷ್ಟು ನೇರವಾಗಿ ನಾನು ಮಾತಾಡಿದ್ದು ಅದೇ ಮೊದಲು.

"ಮಾವಾರ, ಆ ದಾರಿ ಕಡೀಬೇಕ್ರಿ."

"ಅದು ಸರಕಾರದ ದಾರಿ."

"ಮನಿ ನಮ್ಮದೈತಲ್ರಿ."

ಮಳೆ ನಿಲ್ಲುತ್ತದೆ, ನೀರು ತಾನೇ ಇಳಿಯುತ್ತದೆ ಎಂದು ಅವರು ಜಂತಿಯ ಕಡೆ ನೋಡುತ್ತ ಗೊಣಗಿದರು. ನಾನು ಅಲ್ಲಿಂದ ಕದಲಲಿಲ್ಲ. ಏನು ಮಾಡಬೇಕೋ ತಿಳಿಯದೆ ನಿಂತಿದ್ದೆ. ಆಗ ಅತ್ತೆ ಅಟ್ಟದ ಏಣಿ ಇಳಿದು ಬಂದು, ಪಡಸಾಲೆಯ ಕಂಬವನ್ನು ಹಿಡಿದುಕೊಂಡು ಅದಕ್ಕೇ ಹೇಳಿದರು:

"ಗುದ್ದಲಿ, ಸಲಿಕಿ ಎರಡೂ ಹಿತ್ತಲ ಬಾಗಲ ಹಿಂದ ಅದಾವು."

ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಹೋದೆ. ಚಾಚಿ ಸಲಿಕೆ ಹಿಡಿದಳು, ಅವಳ ಗಂಡ ತನ್ನ ಮನೆಯಿಂದ ಹಾರೆ ತಂದ. ದಾರಿಯ ಮೇಲೆ ನಿಂತು ಮೊದಲ ಗುದ್ದಲಿ ಹಾಕಿದಾಗ ಕೈ ಝುಮ್ಮೆಂದಿತು. ಅಷ್ಟು ಗಟ್ಟಿ ಮುರುಮು. ಒಂದು ವರ್ಷದಿಂದ ನುಂಗಿಕೊಂಡಿದ್ದದ್ದೆಲ್ಲ ಆ ಗುದ್ದಲಿಯ ಬಾಯಿಗೆ ಬಂತು. ಉಪ್ಪಿನ ಚೀಲಕ್ಕೊಂದು, ಹಗೇವಿಗೊಂದು, ಹೋಳಿಗೆಗೊಂದು ಎಂದು ಮನಸ್ಸಿನಲ್ಲಿ ಎಣಿಸುತ್ತ ಕಡಿದೆ. ಮಳೆ ಮುಖಕ್ಕೆ ರಾಚುತ್ತಿತ್ತು. ಕಲ್ಲಿನ ಪದರ ಬಂದಾಗ ಚಾಚಿಯ ಗಂಡ ಹಾರೆ ಹಾಕಿ ಎಬ್ಬಿಸಿದ, ನಾವಿಬ್ಬರೂ ಕಲ್ಲುಗಳನ್ನು ಕೈಯಿಂದಲೇ ಎತ್ತಿ ಬದಿಗೆ ಉರುಳಿಸಿದೆವು. ಒಂದು ಮೊಳ ಅಗಲದ ಕಾಲುವೆ ಆಚೆ ಬದಿಗೆ ಮುಟ್ಟಿದ್ದೇ ತಡ, ನೀರು ತಾನೇ ಕೆಲಸ ಹಿಡಿಯಿತು. ಬದಿಗಳನ್ನು ಕೊರೆಯುತ್ತ, ಮುರುಮಿನ ಹೆಂಟೆಗಳನ್ನು ಕೆಡವುತ್ತ ಬಯಲಿಗೆ ನುಗ್ಗಿತು. ನಾವು ಹಿಂದೆ ಸರಿಯಬೇಕಾಯಿತು. ನಮ್ಮ ಮನೆಯ ಬಾಗಿಲಿಂದ ನೀರು ಹೊರಗೆ ಹರಿದು ದಾರಿ ದಾಟುವುದನ್ನು ಮೊದಲ ಸಲ ನೋಡಿದೆ. ಅದರ ಜೊತೆ ನನ್ನ ಲಟ್ಟಣಿಗೆ, ಮಾವನವರ ಒಂದು ಕಾಲಿನ ಕೆರವು, ಚಾಚಿಯ ಮನೆಯ ಹತ್ತಿಯ ಉಂಡೆಗಳು ಸಾಲಾಗಿ ಹಳ್ಳದ ಕಡೆ ಹೋದವು. ಹೋಗಲಿ ಎಂದು ಬಿಟ್ಟೆವು.

ಆಗಲೇ ಜತ್ತದ ಕಡೆಯಿಂದ ಮೋಟಾರು ಬಂತು.

ಡ್ರೈವರ ದೂರದಿಂದಲೇ ಹಾರ್ನು ಹೊಡೆಯುತ್ತ ಬಂದ. ಹತ್ತಿರ ಬಂದು ನೋಡಿದರೆ ದಾರಿಯೇ ಇಲ್ಲ. ಕೆಳಗಿಳಿದು ಕಡಿತದ ಆಚೆ ದಂಡೆಯಲ್ಲಿ ನಿಂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಯಾರು ಕಡಿದದ್ದು ಎಂದು ಕೇಳಿದ. ಅವನ ಹಿಂದೆ ಜನ ಇಳಿದರು. ಅವರಲ್ಲಿ ನನ್ನ ಯಜಮಾನರೂ ಇದ್ದರು, ಬಗಲಲ್ಲಿ ಅಂಗಡಿಯ ಸಾಮಾನಿನ ಗಂಟು. ಕೆಸರು ಮೆತ್ತಿದ ಸೀರೆಯಲ್ಲಿ ಗುದ್ದಲಿ ಹಿಡಿದು ನಿಂತ ನನ್ನನ್ನು ನೋಡಿದರು. ಮೊದಲು ಗುರುತು ಸಿಗಲಿಲ್ಲವೋ ಏನೋ. ಸಿಕ್ಕ ಮೇಲೆ ಬೇರೆ ಕಡೆ ನೋಡಿದರು. ಇದು ಸರಕಾರದ ದಾರಿ, ಕಡಿದವರನ್ನು ಠಾಣೆಗೆ ಒಯ್ಯುತ್ತಾರೆ ಎಂದು ಡ್ರೈವರ ಹೇಳುತ್ತಲೇ ಇದ್ದ. ಚಾಚಿಯ ಗಂಡ ಹಾರೆಯನ್ನು ನೆಲಕ್ಕೆ ಹಾಕಿ ನನ್ನ ಮುಂದೆ ಬಂದು ನಿಂತ. ನಾನೇ ಕಡಿದದ್ದು ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಹಿಂದಿನಿಂದ ಛತ್ರಿ ಬಂತು. ಮಾವನವರು ಒಂದೇ ಕೆರವಿನಲ್ಲಿ, ರುಮಾಲು ನೆನೆಯದ ಹಾಗೆ ಛತ್ರಿ ಹಿಡಿದು, ಮೆಲ್ಲಗೆ ದಾರಿಗೆ ಹತ್ತಿ ಬಂದರು. ನನ್ನ ಕಡೆ ನೋಡಲಿಲ್ಲ. ಕಡಿತದ ಅಂಚಿಗೆ ಬಂದು ನೀರು ಹರಿಯುವುದನ್ನು ಒಂದು ಗಳಿಗೆ ನೋಡಿದರು. ಆಮೇಲೆ ಡ್ರೈವರನಿಗೆ ಗಂಭೀರವಾಗಿ ಅಂದರು:

"ನಾನಽ ಕಡಿಸೀನಿ. ದಾರಿ ತಂದಾಂವ ನಾನು, ಕಡಿಸೋದು ನನಗ ಗೊತ್ತಿಲ್ಲೇನು? ನೀರಿಗೂ ಒಂದು ದಾರಿ ಬೇಕಪಾ."

ಡ್ರೈವರ ಠಾಣೆಯ ಮಾತು ಬಿಟ್ಟು ಮೋಟಾರಿನ ಕಡೆ ತಿರುಗಿದ. ಸಾವಕಾರ್ರೇ ಹೇಳಿದ ಮೇಲೆ ಮುಗಿಯಿತು ಎಂದು ಜನ ತಲೆಯಾಡಿಸಿದರು. ಯಾರೋ ಒಬ್ಬರು, ಹಿಂದುಮುಂದಿನ ವಿಚಾರ ಮಾಡುವವರೆಂದರೆ ಸಾವಕಾರ್ರು ನೋಡಿ ಎಂದರು. ಗುದ್ದಲಿ ನನ್ನ ಕೈಯಲ್ಲಿತ್ತು, ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಅವರು ನನ್ನನ್ನು ಉಳಿಸಲು ಹಾಗೆ ಹೇಳಿದರೋ, ಸೊಸೆ ತಮ್ಮ ಮಾತು ಮೀರಿದಳೆಂದು ಊರಿಗೆ ತಿಳಿಯಬಾರದೆಂದು ಹೇಳಿದರೋ, ಅಥವಾ ಹೇಳುವ ಹೊತ್ತಿಗೆ ಅವರಿಗೇ ಅದು ನಿಜವೆನಿಸಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಠಾಣೆಯ ಭಯ ತಪ್ಪಿತೆಂದು ಸಮಾಧಾನವಾಯಿತು. ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ಯಜಮಾನರು ಕೆರವು ಕೈಯಲ್ಲಿ ಹಿಡಿದು ನೀರು ದಾಟಿ ಈಚೆ ಬಂದು, ಇದೇನು ಮಾಡಿದೆ ಎಂದು ಪಿಸುಗುಟ್ಟಿದರು. ನಾನು ಗುದ್ದಲಿಯನ್ನು ಅವರ ಕೈಗೆ ಕೊಟ್ಟು ಮನೆಯೊಳಗೆ ಹೋದೆ. ಗುಡಿಸುವುದು ಬಹಳ ಇತ್ತು.

ಪಿಂಜಾರರ ಹಿಂಬದಿಯ ಗೋಡೆ ಅವತ್ತೇ ಸಂಜೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ಆ ಗೋಡೆ ಎದ್ದು ನಿಲ್ಲುವವರೆಗೆ ಬಾಣಂತಿಯೂ ಕೂಸೂ ನಮ್ಮ ಮನೆಯಲ್ಲೇ ಇದ್ದರು. ಮಾವನವರು ತಾವಾಗಿಯೇ ತಮ್ಮ ಮಂಚ ಬಿಟ್ಟುಕೊಟ್ಟು ಅಂಗಡಿಯಲ್ಲಿ ಮಲಗಿದರು. ಅದನ್ನು ಮರೆತರೆ ನನಗೆ ಒಳ್ಳೆಯದಾಗದು.

ಆಮೇಲೆ ಜತ್ತದಿಂದ ರಸ್ತೆಯ ಮೇಲಿನ ಅಧಿಕಾರಿಗಳು ಬಂದರು. ಮತ್ತೆ ಹೋಳಿಗೆಗೆ ಹೂರಣ ಅರೆದೆ. ಈ ಸಲ ಮಾವನವರು ಅವರಿಗೆ ದಿನ್ನೆ ತೋರಿಸಿದರು, ಹಳ್ಳ ತೋರಿಸಿದರು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಛತ್ರಿಯ ತುದಿಯಿಂದ ನೆಲದ ಮೇಲೆ ಗೀರಿ ವಿವರಿಸಿದರು. ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ಇದೆಲ್ಲ ಇವರಿಗೆ ಮೊದಲೇ ಗೊತ್ತಿತ್ತೇ ಎಂದು ನನಗೇ ಅನುಮಾನ ಬಂತು. ಬೇಸಿಗೆಯೊಳಗೆ ನಾವು ಕಡಿದ ಜಾಗದಲ್ಲಿ ಎರಡೂ ಬದಿಗೆ ಕಲ್ಲು ಕಟ್ಟಿ, ಮೇಲೆ ಚಪ್ಪಡಿ ಹಾಸಿ ಒಂದು ಮೋರಿ ಮಾಡಿದರು. ನೀರು ಅದರ ಕೆಳಗೆ, ಮೋಟಾರು ಅದರ ಮೇಲೆ. ಊರವರು ಅದನ್ನು ಸಾವಕಾರ್ರ ಮೋರಿ ಎಂದು ಕರೆದರು. ಮೋಟಾರಿನ ಕಂಡಕ್ಟರನೂ ಇಳಿಯುವವರಿಗೆ ಅದೇ ಹೆಸರು ಕೂಗತೊಡಗಿದ.

ಮನೆಯ ನೆಲವನ್ನೂ ಮಣ್ಣು ತುಂಬಿಸಿ ಎತ್ತರಿಸಿದೆವು. ನೆಲ ಮೇಲೆ ಬಂತು, ಬಾಗಿಲ ಮೇಲಿನ ಪಟ್ಟಿ ಇದ್ದಲ್ಲೇ ಇತ್ತು. ಎತ್ತರದವರೆಲ್ಲ ಹಣೆ ಬಡಿದುಕೊಂಡು ಒಳಗೆ ಬರುತ್ತಿದ್ದರು. ಯಜಮಾನರಂತೂ ತಿಂಗಳುಗಟ್ಟಲೆ ಬಡಿದುಕೊಂಡರು. ಹೊಸಬರು ಯಾರೇ ಬಂದರೂ ಮಾವನವರು ಬಾಕಿನ ಮೇಲೆ ಕೂರಿಸಿ, ಮಳೆಯಲ್ಲಿ ತಾವು ನಿಂತು ದಾರಿ ಕಡಿಸಿದ ಕಥೆ ಹೇಳುತ್ತಿದ್ದರು. ನಾನು ಚಹಾ ತಂದಿಟ್ಟು ಒಳಗೆ ಬರುತ್ತಿದ್ದೆ. ಒಂದು ದಿನ ತಡೆಯಲಾರದೆ ಅತ್ತೆಯ ಮುಂದೆ, ನೀವಾದರೂ ಒಂದು ಮಾತು ಹೇಳಬಾರದೇ ಎಂದೆ. ಅವರು ಅಕ್ಕಿ ಆರಿಸುವುದನ್ನು ಬಿಟ್ಟು, ಕಂಬದ ಕಡೆಗಲ್ಲ, ನನ್ನ ಕಡೆಗೇ ನೋಡಿ ಅಂದರು:

"ಹೇಳ್ಕೊಳ್ಳಲಿ ಬಿಡು. ತಾವಽ ಕಡಿಸಿದ್ದಂತ ಹೇಳ್ಕೊಂಡಾರ ಅಂತನಽ ಮೋರಿ ಆತು."

ಮಾತು ನಿಜವಿತ್ತು. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ. ಆ ಮೋರಿಯ ಬಾಯಿ ಚಿಕ್ಕದು. ಪ್ರತಿವರ್ಷ ದಿನ್ನೆಯಿಂದ ಜಾಲಿಮುಳ್ಳು, ಮರಳು, ಸತ್ತ ಹೆಗ್ಗಣ ಎಲ್ಲ ಬಂದು ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಉತ್ತರಿ ಮಳೆ ಹತ್ತಿರ ಬಂತೆಂದರೆ ನಾನೂ ಚಾಚಿಯೂ ಸೀರೆ ಮೇಲೆ ಕಟ್ಟಿಕೊಂಡು, ಒಬ್ಬಳು ಈ ಬದಿಗೆ, ಒಬ್ಬಳು ಆ ಬದಿಗೆ ಬಗ್ಗಿ ಕೂತು ಕೋಲಿನಿಂದ ಗೆಬರಿ ಕಸ ಹೊರಗೆ ಎಳೆಯುತ್ತಿದ್ದೆವು. ಮೇಲೆ ಮೋಟಾರು ಹೋದಾಗ ಚಪ್ಪಡಿಯ ಸಂದಿನಿಂದ ನಮ್ಮ ತಲೆಯ ಮೇಲೆ ಕೆಂಪು ಧೂಳು ಉದುರುತ್ತಿತ್ತು.